ಕೃತಕ ಬುದ್ಧಿಮತ್ತೆ ಮತ್ತು ವಿಶ್ವವಿದ್ಯಾನಿಲಯ ಸಹಭಾಗಿತ್ವ: ಕೊಳ್ಳೇಗಾಲ ಭಾಗದ ಉದ್ದಿಮೆದಾರರಿಗೊಂದು ಅಧ್ಯಯನ

ಕರ್ನಾಟಕದ ಔದ್ಯಮಿಕ ಇತಿಹಾಸದಲ್ಲಿ 1916ನೆಯ ಇಸವಿಗೆ ವಿಶಿಷ್ಟ ಸ್ಥಾನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆ ಒಂದೇ ವರ್ಷದಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, ಇಂದಿನ ಎಫ್.ಕೆ.ಸಿ.ಸಿ.ಐ. ಸಂಸ್ಥೆಗೆ ಮೂಲವಾದ ಮೈಸೂರು ವಾಣಿಜ್ಯ ಮಂಡಳಿಯೂ ಸ್ಥಾಪನೆಗೊಂಡವು. ವಿದ್ಯೆಯೂ ವ್ಯಾಪಾರವೂ ಜೊತೆಯಾಗಿ ಬೆಳೆಯಬೇಕೆಂಬ ದೂರದೃಷ್ಟಿ ಅದರ ಹಿಂದಿತ್ತು. ಅಂದು ಕೊಳ್ಳೇಗಾಲ ಸೀಮೆಯು ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರವಷ್ಟೇ ನಾವು ಮೈಸೂರಿನವರಾದೆವು. ಆದುದರಿಂದ ಆ ದೂರದೃಷ್ಟಿಯ ಫಲ ನಮಗೆ ತಡವಾಗಿ ದೊರೆಯಿತು. ಇಂದು ಕೃತಕ ಬುದ್ಧಿಮತ್ತೆ ಎಂಬ ಹೊಸ ವಿದ್ಯೆಯ ಸುತ್ತ ವಿಶ್ವವಿದ್ಯಾನಿಲಯಗಳೂ ಉದ್ದಿಮೆಗಳೂ ಕೈಜೋಡಿಸುತ್ತಿರುವಾಗ ಮತ್ತೊಮ್ಮೆ ತಡವಾಗಬಾರದು. ಹಾಗೆಂದು ಷರತ್ತುಗಳನ್ನು ಓದದೆ ಸಹಿ ಹಾಕುವ ಆತುರವೂ ಸಲ್ಲದು. ಈ ಎರಡರ ನಡುವಣ ದಾರಿಯನ್ನು ಅರಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗೂಡು ಮತ್ತು ಸೀರೆ

ನಮ್ಮ ಭಾಗದ ವ್ಯಾಪಾರಿಗಳಿಗೆ ಕಚ್ಚಾಮಾಲು ಮತ್ತು ಸಿದ್ಧವಸ್ತುಗಳ ನಡುವಣ ಅಂತರವನ್ನು ಯಾರೂ ಕಲಿಸಬೇಕಾಗಿಲ್ಲ. ಗೂಡು ಮಾರಿದವನ ಕೈಗೆ ಬರುವ ಹಣವೆಷ್ಟು, ಅದೇ ಗೂಡು ನೂಲಾಗಿ, ಹುರಿಯಾಗಿ, ಬಣ್ಣವೇರಿ, ಜರಿಯಂಚಿನ ಸೀರೆಯಾದಾಗ ಬರುವ ಹಣವೆಷ್ಟು ಎಂಬುದನ್ನು ಕೊಳ್ಳೇಗಾಲದ ನೇಕಾರ ಮನೆತನಗಳು ತಲೆಮಾರುಗಳಿಂದ ಕಂಡಿವೆ. ಜಿಲ್ಲೆಯ ಅರಿಶಿನ ಈರೋಡಿನ ಮಾರುಕಟ್ಟೆಗೆ ಹೋಗಿ ಅಲ್ಲಿಯ ಹೆಸರಿನಲ್ಲಿ ಮುಂದೆ ಸಾಗುವುದನ್ನೂ ನಾವು ಬಲ್ಲೆವು.

ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿಯೂ ಇಂಥದೇ ಕಚ್ಚಾಮಾಲೊಂದಿದೆ. ಅದರ ಹೆಸರು ದತ್ತಾಂಶ. ಗೂಡಿನ ಛಾಯಾಚಿತ್ರ, ಮಗ್ಗದ ದೋಷಗಳ ದಾಖಲೆ, ಕಬ್ಬಿನ ತೂಕದ ಚೀಟಿ, ಆಲೆಮನೆಯ ಲೆಕ್ಕದ ಪುಸ್ತಕ, ಕಡೆಗೆ ನಾವಾಡುವ ಕನ್ನಡದ ಧ್ವನಿ ಕೂಡ ದತ್ತಾಂಶವೇ. ವಿಶ್ವವಿದ್ಯಾನಿಲಯದೊಡನೆ ಆಗುವ ಸಹಭಾಗಿತ್ವದಲ್ಲಿ ನಾವು ಗೂಡು ಮಾರುವವರಾಗಿಯೇ ಉಳಿಯುವೆವೋ ಅಥವಾ ಸೀರೆಯಲ್ಲಿಯೂ ಪಾಲು ಪಡೆಯುವೆವೋ ಎಂಬುದು ಯಂತ್ರದ ಜಾಣತನಕ್ಕಿಂತ ಹೆಚ್ಚಾಗಿ ಒಡಂಬಡಿಕೆಯ ಬರಹವನ್ನು ಅವಲಂಬಿಸಿದೆ.

ಕೃತಕ ಬುದ್ಧಿಮತ್ತೆಯೆಂದರೇನು?

ಗಣಕಯಂತ್ರಕ್ಕೆ ಕೆಲಸ ಮಾಡಿಸುವ ಹಳೆಯ ವಿಧಾನದಲ್ಲಿ ನಿಯಮಗಳನ್ನು ಮನುಷ್ಯನೇ ಬರೆದುಕೊಡುತ್ತಿದ್ದನು. ಬಿಲ್ಲು, ಬಡ್ಡಿ, ತೆರಿಗೆಯ ಲೆಕ್ಕಗಳಿಗೆ ಇಂದಿಗೂ ಅದೇ ವಿಧಾನ ಸಾಕು. ಆದರೆ ಕಲೆಯಾದ ಗೂಡನ್ನು ಗುರುತಿಸುವ ನಿಯಮವನ್ನು ಬರೆದುಕೊಡಿ ಎಂದರೆ ಮೂವತ್ತು ವರ್ಷ ಅನುಭವವಿರುವ ರೀಲರು ಕೂಡ ತಡವರಿಸುತ್ತಾನೆ. ಅವನಿಗೆ ನೋಡಿದರೆ ಗೊತ್ತಾಗುತ್ತದೆ, ಹೇಳಲು ಬರುವುದಿಲ್ಲ. ಯಂತ್ರಕಲಿಕೆಯ ವಿಧಾನ ಇಂತಹ ಕೆಲಸಗಳಿಗಾಗಿಯೇ ರೂಪುಗೊಂಡಿದೆ. ಸಾವಿರಾರು ಗೂಡುಗಳ ಚಿತ್ರಗಳನ್ನು ತೆಗೆದು, ಒಂದೊಂದಕ್ಕೂ ಇದು ಒಳ್ಳೆಯದು, ಇದು ಜೋಡಿಗೂಡು, ಇದು ಕಲೆಗೂಡು ಎಂದು ಅನುಭವಸ್ಥರಿಂದ ಗುರುತು ಹಾಕಿಸಿ ಯಂತ್ರಕ್ಕೆ ಒಪ್ಪಿಸಿದರೆ, ಅದು ಚಿತ್ರಕ್ಕೂ ಗುರುತಿಗೂ ಇರುವ ಸಂಬಂಧವನ್ನು ತಾನೇ ಲೆಕ್ಕಹಾಕಿಕೊಂಡು ಮುಂದಿನ ಗೂಡಿನ ಬಗೆಗೆ ಊಹಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಯಂತ್ರದ ಜ್ಞಾನಕ್ಕೆ ಮೂಲ ಅನುಭವಸ್ಥನ ಕಣ್ಣು. ವಿಶ್ವವಿದ್ಯಾನಿಲಯದಲ್ಲಿ ಗಣಿತವಿದೆ, ಗಣಕಶಕ್ತಿಯಿದೆ, ಬುದ್ಧಿವಂತ ವಿದ್ಯಾರ್ಥಿಗಳಿದ್ದಾರೆ. ಆದರೆ ಆ ಕಣ್ಣಿಲ್ಲ. ಅದು ಮಾರುಕಟ್ಟೆಯಲ್ಲಿದೆ, ಕಾರ್ಖಾನೆಯಲ್ಲಿದೆ. ಸಹಭಾಗಿತ್ವದ ಮಾತುಕತೆಗೆ ಕುಳಿತಾಗ ನಮ್ಮ ಪಾಲಿನ ಬಂಡವಾಳ ಇದೆಂಬುದನ್ನು ಮರೆಯಬಾರದು.

ರಾಜ್ಯದಲ್ಲಿ, ದೇಶದಲ್ಲಿ ನಡೆದಿರುವ ಕಾರ್ಯ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ಕರ್ನಾಟಕ ಸರ್ಕಾರಗಳ ನೆರವಿನಿಂದ 2020ರಲ್ಲಿ ಆರ್ಟ್‌ಪಾರ್ಕ್ ಎಂಬ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಉದ್ಯಾನ ಸ್ಥಾಪನೆಯಾಯಿತು. ಸಂಶೋಧನೆಯನ್ನು ಪ್ರಬಂಧದ ಹಂತದಲ್ಲಿಯೇ ನಿಲ್ಲಿಸದೆ ಉದ್ದಿಮೆಯ ಹಂತಕ್ಕೆ ಒಯ್ಯುವುದು ಅದರ ಧ್ಯೇಯ. ಇದೇ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಕಂಪನಿಗಳು ಕೂಡಿ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆಯು ದೇಶದ 773 ಜಿಲ್ಲೆಗಳಿಂದ ಜನರಾಡುವ ಮಾತನ್ನು ಸಂಗ್ರಹಿಸಿ ಎಲ್ಲರ ಬಳಕೆಗೂ ಮುಕ್ತಗೊಳಿಸುವ ಗುರಿ ಹೊಂದಿದೆ. ಮದ್ರಾಸಿನ ಐ.ಐ.ಟಿ.ಯಲ್ಲಿ ‘ಎಐ ಫಾರ್ ಭಾರತ್’ ತಂಡಕ್ಕಾಗಿ ರೋಹಿಣಿ ಮತ್ತು ನಂದನ್ ನಿಲೇಕಣಿ ದಂಪತಿಗಳು ನೀಡಿದ 36 ಕೋಟಿ ರೂಪಾಯಿಗಳ ದೇಣಿಗೆಯಿಂದ 2022ರಲ್ಲಿ ಕೇಂದ್ರವೊಂದು ಆರಂಭಗೊಂಡು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಅನುವಾದ ಹಾಗೂ ಧ್ವನಿ ಸಾಧನಗಳನ್ನು ಸಿದ್ಧಪಡಿಸಿದೆ.

ಕೇಂದ್ರ ಸಚಿವ ಸಂಪುಟವು 2024ರ ಮಾರ್ಚಿಯಲ್ಲಿ ಸುಮಾರು 10,372 ಕೋಟಿ ರೂಪಾಯಿಗಳ ‘ಇಂಡಿಯಾ ಎಐ ಮಿಷನ್’ಗೆ ಮಂಜೂರಾತಿ ನೀಡಿತು. ದುಬಾರಿಯಾದ ಗಣಕಶಕ್ತಿಯನ್ನು ಸಂಶೋಧಕರಿಗೂ ನವೋದ್ಯಮಿಗಳಿಗೂ ರಿಯಾಯಿತಿ ದರದಲ್ಲಿ ಒದಗಿಸುವುದು ಅದರ ಮುಖ್ಯಾಂಶಗಳಲ್ಲೊಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಆರೋಗ್ಯ, ಕೃಷಿ ಮತ್ತು ನಗರಗಳಿಗಾಗಿ ಮೂರು ಉತ್ಕೃಷ್ಟತಾ ಕೇಂದ್ರಗಳನ್ನು ಘೋಷಿಸಲಾಯಿತು. ಕೃಷಿ ವಿಭಾಗದ ನೇತೃತ್ವ ರೋಪರಿನ ಐ.ಐ.ಟಿ.ಗೆ ದೊರೆತಿದೆ.

ಕುಂತೂರಿನಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯಿರುವುದರಿಂದ, ಕಬ್ಬನ್ನು ನಂಬಿದ ನಮ್ಮವರಿಗೆ ಮಹಾರಾಷ್ಟ್ರದ ಬಾರಾಮತಿಯ ಉದಾಹರಣೆ ಹೆಚ್ಚು ಉಪಯುಕ್ತ. ಅಲ್ಲಿಯ ಕೃಷಿ ಅಭಿವೃದ್ಧಿ ಟ್ರಸ್ಟ್, ಮೈಕ್ರೋಸಾಫ್ಟ್ ಕಂಪನಿ ಮತ್ತು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ 2024ರಲ್ಲಿ ಕಬ್ಬಿನ ಬೆಳೆಗೆ ಕೃತಕ ಬುದ್ಧಿಮತ್ತೆಯನ್ನು ಅಳವಡಿಸುವ ಪ್ರಯೋಗ ಸುಮಾರು ಒಂದು ಸಾವಿರ ರೈತರೊಡನೆ ಆರಂಭವಾಯಿತು. ಉಪಗ್ರಹ ಚಿತ್ರ, ಹವಾಮಾನ ಮತ್ತು ಮಣ್ಣಿನ ಮಾಪಕಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೀರು, ಗೊಬ್ಬರಗಳ ಸಲಹೆಯನ್ನು ರೈತನ ಮೊಬೈಲಿಗೆ ತಲುಪಿಸುವುದು ಅದರ ಕ್ರಮ. ಕಂಪನಿಗೂ ವಿಶ್ವವಿದ್ಯಾನಿಲಯಕ್ಕೂ ರೈತನಿಗೂ ನಡುವೆ ಸ್ಥಳೀಯ ಸಂಸ್ಥೆಯೊಂದು ನಿಂತಿರುವುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬಿಡಿ ರೈತನಾಗಲೀ ಬಿಡಿ ವ್ಯಾಪಾರಿಯಾಗಲೀ ಆಕ್ಸ್‌ಫರ್ಡಿನೊಡನೆ ಮಾತನಾಡಲಾರ, ಸಂಸ್ಥೆ ಮಾತನಾಡಬಲ್ಲದು.

ಅಗರ ಮತ್ತು ಚಿಲಕವಾಡಿಯ ಪಾಠ

ದೂರದ ಉದಾಹರಣೆಗಳು ಹಾಗಿರಲಿ. ನಮ್ಮ ಮಗ್ಗುಲಲ್ಲಿಯೇ ನಡೆದ ಪ್ರಯೋಗವೊಂದು ಜಗತ್ತಿನ ಪತ್ರಿಕೆಗಳ ಗಮನ ಸೆಳೆದಿರುವುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ‘ಕಾರ್ಯ’ ಎಂಬ ಯೋಜನೆ ರೂಪುಗೊಂಡಿತು. ಮುಂಬಯಿಯ ಐ.ಐ.ಟಿ.ಯ ಸಂಶೋಧಕರೂ ಪಾಲುಗೊಂಡು 2020ರಲ್ಲಿ ಪ್ರಕಟಿಸಿದ ಅಧ್ಯಯನವು, ಕಡಿಮೆ ಆದಾಯದ ಜನರಿಂದಲೇ ಮೊಬೈಲ್ ಮೂಲಕ ಉತ್ತಮ ಗುಣಮಟ್ಟದ ಮರಾಠಿ ಧ್ವನಿ ದತ್ತಾಂಶವನ್ನು ಸಂಗ್ರಹಿಸಬಹುದೆಂದು ತೋರಿಸಿತು. 2021ರಲ್ಲಿ ‘ಕಾರ್ಯ’ವು ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಗಿ ಬೇರ್ಪಟ್ಟಿತು. ಮುಂದೆ ಅದು ಕನ್ನಡದ ಧ್ವನಿಯನ್ನು ಸಂಗ್ರಹಿಸಲು ಆರಿಸಿಕೊಂಡ ಹಳ್ಳಿಗಳಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಚಿಲಕವಾಡಿ, ಯಳಂದೂರು ತಾಲ್ಲೂಕಿನ ಅಗರ ಸೇರಿದ್ದವು. 2023ರಲ್ಲಿ ಅಮೆರಿಕದ ಪತ್ರಿಕೆಗಳು ಈ ಹಳ್ಳಿಗಳ ಹೆಸರನ್ನು ಅಚ್ಚುಹಾಕಿದವು.

ಕೆಲಸ ಸರಳವಾದುದು. ಮೊಬೈಲಿನಲ್ಲಿ ಮೂಡುವ ಕನ್ನಡ ವಾಕ್ಯವನ್ನು ಓದಿ ಧ್ವನಿ ಮುದ್ರಿಸಿ ಕಳುಹಿಸುವುದು. ಆದರೆ ಸಂಸ್ಥೆ ವಿಧಿಸಿಕೊಂಡ ಷರತ್ತುಗಳು ಅಸಾಧಾರಣವಾಗಿದ್ದವು. ಮೊದಲನೆಯದಾಗಿ, ಗಂಟೆಗೆ ಕನಿಷ್ಠ 5 ಡಾಲರುಗಳಿಗೆ ಸಮನಾದ ಸಂಭಾವನೆ. ಎರಡನೆಯದಾಗಿ, ಒಮ್ಮೆ ಸಂಗ್ರಹಿಸಿದ ದತ್ತಾಂಶವನ್ನು ಮತ್ತೊಬ್ಬರಿಗೆ ಮಾರಿದಾಗಲೆಲ್ಲ ಅದನ್ನು ಕೊಟ್ಟವರಿಗೆ ಮರುಪಾಲು. ಅಂದರೆ ಗೂಡು ಕೊಟ್ಟವರಿಗೆ ಸೀರೆಯ ಬೆಲೆಯಲ್ಲಿಯೂ ಅಂಶವಿದೆ ಎಂಬ ತತ್ವ. ಅಗರದ ಗೃಹಿಣಿಗೆ ದೊರೆಯಬಹುದಾದ ಈ ಷರತ್ತು ಕೊಳ್ಳೇಗಾಲದ ಉದ್ದಿಮೆದಾರನಿಗೆ ದೊರೆಯದಿರಲು ಕಾರಣವಿಲ್ಲ. ಕೇಳಬೇಕು, ಅಷ್ಟೇ.

ಇದರ ಮತ್ತೊಂದು ಮುಖವನ್ನೂ ನೋಡಬೇಕು. ವಾಕ್ಯಗಳ ಓದು ಮುಗಿದರೆ ಕೆಲಸವೂ ಮುಗಿಯುತ್ತದೆ; ಅದು ನಿತ್ಯದ ಉದ್ಯೋಗವಲ್ಲ. ದತ್ತಾಂಶದಿಂದ ಸಾಧನ ಕಟ್ಟುವ ಕೆಲಸ ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ನಡೆಯುತ್ತದೆ. ಆ ಕೆಲಸದ ಒಂದು ಭಾಗವಾದರೂ ನಮ್ಮಲ್ಲಿ ನಡೆಯಬೇಕಾದರೆ ನಮ್ಮ ಮಕ್ಕಳು ಆ ವಿದ್ಯೆಯನ್ನು ನಮ್ಮದೇ ಸಮಸ್ಯೆಗಳ ಮೇಲೆ ಕಲಿಯಬೇಕು. ಸಹಭಾಗಿತ್ವದಲ್ಲಿ ಶಿಕ್ಷಣದ ಭಾಗಕ್ಕೆ ಇರುವ ಮಹತ್ವ ಇದೇ.

ಒಂದು ಮಾದರಿ ಲೆಕ್ಕ: ಗೂಡಿನ ವಿಂಗಡಣೆ

ಈಗ ಕೈಗೆಟುಕುವ ಸಮಸ್ಯೆಯೊಂದನ್ನು ಎತ್ತಿಕೊಳ್ಳೋಣ. ಒಂದು ಕಿಲೋ ಕಚ್ಚಾರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬುದನ್ನು ರೆಂಡಿಟ್ಟಾ ಎನ್ನುತ್ತೇವೆ. ದಿನಕ್ಕೆ 100 ಕಿಲೋ ಗೂಡು ಬಿಚ್ಚುವ ಘಟಕವೊಂದನ್ನು ಭಾವಿಸಿಕೊಳ್ಳಿ. ರೆಂಡಿಟ್ಟಾ 7.5 ಇದ್ದರೆ ದೊರೆಯುವ ನೂಲು 13.33 ಕಿಲೋ. ಅದು 7ಕ್ಕೆ ಇಳಿದರೆ ದೊರೆಯುವುದು 14.29 ಕಿಲೋ. ದಿನಕ್ಕೆ ಸುಮಾರು 950 ಗ್ರಾಂ, 25 ದಿನಗಳಿಗೆ ಸುಮಾರು 24 ಕಿಲೋ ನೂಲಿನ ವ್ಯತ್ಯಾಸ. ಅಂದಿನ ನೂಲಿನ ದರದಿಂದ ಗುಣಿಸಿದರೆ ಅರ್ಧ ರೆಂಡಿಟ್ಟಾದ ಬೆಲೆ ಎಷ್ಟೆಂಬುದು ಯಾರಿಗಾದರೂ ತಿಳಿಯುತ್ತದೆ.

ಜೋಡಿಗೂಡು, ಕಲೆಗೂಡು, ತೂತುಬಿದ್ದ ಗೂಡುಗಳನ್ನು ಕ್ಯಾಮೆರಾದಿಂದ ವಿಂಗಡಿಸುವ ವ್ಯವಸ್ಥೆಯೊಂದು ಈ ದಿಕ್ಕಿನಲ್ಲಿ ನೆರವಾಗಬಲ್ಲದು. ಆದರೆ ಅದರ ಮಿತಿಯನ್ನೂ ಅರಿತಿರಬೇಕು. ಕ್ಯಾಮೆರಾ ಕಾಣುವುದು ಹೊರಮೈಯನ್ನು ಮಾತ್ರ. ಚಿಪ್ಪಿನ ದಪ್ಪವನ್ನು ಅರಿಯಲು ತೂಕವೋ ಹಾಯಿಬೆಳಕೋ ಬೇಕಾಗುತ್ತದೆ. ಗೂಡು ಬೇಯಿಸುವ ಹದ, ನೀರಿನ ಗುಣ, ಕೆಲಸಗಾರನ ಕೈಗಳೂ ರೆಂಡಿಟ್ಟಾವನ್ನು ನಿರ್ಧರಿಸುತ್ತವೆ. ಆದುದರಿಂದ ಚಿತ್ರಗಳೊಡನೆ ಲಾಟಿನ ಸಂಖ್ಯೆ, ತಳಿ, ದಿನಾಂಕ, ಕೊಂಡ ತೂಕ, ಬಂದ ನೂಲು ಇವಿಷ್ಟನ್ನೂ ಬರೆದಿಡುವ ಪದ್ಧತಿಯನ್ನು ಇಂದೇ ಆರಂಭಿಸುವುದು ಲೇಸು. ಚಿತ್ರಗಳನ್ನು ಒಂದೇ ಬೆಳಕಿನಲ್ಲಿ, ಒಂದೇ ಅಂತರದಿಂದ ತೆಗೆಯಬೇಕು. ಒಂದು ವರ್ಷದ ಇಂತಹ ದಾಖಲೆಯನ್ನು ಕೈಯಲ್ಲಿ ಹಿಡಿದು ಹೋದ ಉದ್ದಿಮೆದಾರನಿಗೆ ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಆಸನ ದೊರೆಯುತ್ತದೆ.

ಯಂತ್ರವನ್ನು ಪರೀಕ್ಷಿಸುವ ಬಗೆ

ನಮ್ಮ ಸಾಧನ ನೂರಕ್ಕೆ ತೊಂಬತ್ತೈದು ಪಾಲು ನಿಖರ ಎಂಬ ಮಾತನ್ನು ಪ್ರದರ್ಶನಗಳಲ್ಲಿ ಕೇಳುತ್ತೇವೆ. ಆ ಮಾತಿನ ತೂಕವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. 1,000 ಗೂಡುಗಳಲ್ಲಿ 50 ದೋಷಯುಕ್ತವಾಗಿವೆಯೆಂದುಕೊಳ್ಳಿ. ಮೊದಲನೆಯ ಯಂತ್ರ ಎಲ್ಲವನ್ನೂ ಒಳ್ಳೆಯದೆಂದೇ ಹೇಳುತ್ತದೆ. ಅದು 950 ಗೂಡುಗಳ ವಿಷಯದಲ್ಲಿ ಸರಿ. ಅಂದರೆ ನಿಖರತೆ ಶೇಕಡಾ 95. ಆದರೆ ಒಂದು ದೋಷವನ್ನೂ ಹಿಡಿಯದ ಆ ಯಂತ್ರದಿಂದ ಪ್ರಯೋಜನ ಸೊನ್ನೆ. ಎರಡನೆಯ ಯಂತ್ರ 50ರಲ್ಲಿ 45 ದೋಷಗಳನ್ನು ಹಿಡಿಯುತ್ತದೆ, ಜೊತೆಗೆ 30 ಒಳ್ಳೆಯ ಗೂಡುಗಳನ್ನು ತಪ್ಪಾಗಿ ತಳ್ಳಿಹಾಕುತ್ತದೆ. ಅದರ ನಿಖರತೆ ಶೇಕಡಾ 96.5. ಅಂಕಿಯಲ್ಲಿ ವ್ಯತ್ಯಾಸ ಒಂದೂವರೆ ಮಾತ್ರ, ಉಪಯೋಗದಲ್ಲಿ ಅಜಗಜಾಂತರ.

ಆದುದರಿಂದ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು: ದೋಷಗಳಲ್ಲಿ ಎಷ್ಟನ್ನು ಹಿಡಿಯಿತು? ಒಳ್ಳೆಯದರಲ್ಲಿ ಎಷ್ಟನ್ನು ಕೆಡಿಸಿತು? ಇದರ ಜೊತೆಗೆ, ಯಂತ್ರ ಕಲಿತ ಲಾಟಿನ ಮೇಲೆಯೇ ಅದನ್ನು ಪರೀಕ್ಷಿಸುವುದು ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಪರೀಕ್ಷೆ ನಡೆಸಿದಂತೆ. ಅದು ಎಂದೂ ಕಾಣದ ಲಾಟನ್ನು, ಸಾಧ್ಯವಾದರೆ ಬೇರೆ ಋತುವಿನ ಲಾಟನ್ನು ಕೊಡಬೇಕು. ಬೇಸಿಗೆಯ ಗೂಡಿನಿಂದ ಕಲಿತ ಯಂತ್ರ ಮಳೆಗಾಲದಲ್ಲಿ ಎಡವುವ ಸಂಭವವುಂಟು.

ಒಡಂಬಡಿಕೆಯಲ್ಲಿ ಇರಬೇಕಾದ ಅಂಶಗಳು

ಒಂದು, ಸಮಸ್ಯೆಯ ಸ್ಪಷ್ಟ ವಿವರಣೆ. ‘ಕೃತಕ ಬುದ್ಧಿಮತ್ತೆಯ ಅಳವಡಿಕೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾವ ದೋಷ, ಎಷ್ಟರ ಮಟ್ಟಿಗೆ, ಯಾವ ವೇಗದಲ್ಲಿ ಎಂಬುದು ಅಂಕಿಯಲ್ಲಿರಬೇಕು.

ಎರಡು, ದತ್ತಾಂಶದ ಒಡೆತನ. ನಾವು ಕೊಟ್ಟ ಚಿತ್ರ ಮತ್ತು ದಾಖಲೆಗಳು ನಮ್ಮವೇ. ಗೊತ್ತಾದ ಉದ್ದೇಶಕ್ಕೆ, ಗೊತ್ತಾದ ಅವಧಿಗೆ ಮಾತ್ರ ಬಳಸಬೇಕು. ಮೂರನೆಯವರಿಗೆ ಕೊಡುವುದಾದರೆ ಲಿಖಿತ ಒಪ್ಪಿಗೆಯೂ ಮರುಪಾಲೂ ಇರಬೇಕು.

ಮೂರು, ಪ್ರಬಂಧ ಮತ್ತು ಗೌಪ್ಯತೆ. ಪ್ರಕಟಿಸುವುದು ಪ್ರಾಧ್ಯಾಪಕರ ಧರ್ಮ, ಅದನ್ನು ತಡೆಯುವುದು ಉಚಿತವಲ್ಲ. ಆದರೆ ನಮ್ಮ ಗಿರಾಕಿಗಳ ಹೆಸರು, ಖರೀದಿ ದರಗಳು ಪ್ರಬಂಧದಲ್ಲಿ ಕಾಣಿಸಿಕೊಳ್ಳಬಾರದು. ಕೆಲಸಗಾರರ ಮುಖ, ಧ್ವನಿ, ಹೆಸರುಗಳನ್ನು ಒಳಗೊಂಡ ದತ್ತಾಂಶಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿದೆ. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರುವುದು ಕ್ಷೇಮ.

ನಾಲ್ಕು, ನಿರ್ವಹಣೆ. ವಿದ್ಯಾರ್ಥಿಯ ಪ್ರಾಜೆಕ್ಟು ಪರೀಕ್ಷೆಯೊಡನೆ ಮುಗಿಯುತ್ತದೆ, ಆತ ಉದ್ಯೋಗ ಹಿಡಿದು ಹೊರಟುಹೋಗುತ್ತಾನೆ. ಕಾರ್ಖಾನೆ ಮಾತ್ರ ಮರುದಿನವೂ ನಡೆಯಬೇಕು. ತಂತ್ರಾಂಶದ ಪೂರ್ಣ ಪ್ರತಿ, ಬಳಕೆಯ ಕನ್ನಡ ಕೈಪಿಡಿ, ಎರಡು ವರ್ಷಗಳ ದುರಸ್ತಿಯ ಹೊಣೆ ಇವು ಕಾಗದದಲ್ಲಿರಲಿ.

ಐದು, ನ್ಯಾಯ. ವಿಂಗಡಣೆಯ ಯಂತ್ರ ಕೊಳ್ಳುವವನ ಕೈಯಲ್ಲಿ ಮಾತ್ರ ಇದ್ದರೆ ಗೂಡು ತಂದ ರೈತನಿಗೆ ಅದು ಗುಮಾನಿಯ ವಸ್ತುವಾಗುತ್ತದೆ. ಮಾರುಕಟ್ಟೆಯಲ್ಲಿ ಇಬ್ಬರ ಕಣ್ಣೆದುರಿಗೂ ನಿಂತಿರುವ ತಕ್ಕಡಿಯಂತೆ ಅದು ಇರತಕ್ಕದ್ದು. ವಿಶ್ವಾಸ ಕಳೆದುಕೊಂಡ ಮಾರುಕಟ್ಟೆಯನ್ನು ಯಾವ ಬುದ್ಧಿಮತ್ತೆಯೂ ಉಳಿಸಲಾರದು.

ಎಲ್ಲಿಂದ ಆರಂಭಿಸಬೇಕು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವಿಯಲ್ಲಿ ಅಂತಿಮ ವರ್ಷದ ಪ್ರಾಜೆಕ್ಟು ಮತ್ತು ಇಂಟರ್ನ್‌ಶಿಪ್ ಕಡ್ಡಾಯವಾಗಿವೆ. ಚಾಮರಾಜನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಮೈಸೂರಿನಲ್ಲಿ ಹಲವು ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ನೈಜ ಸಮಸ್ಯೆಗಳನ್ನು ಹುಡುಕುತ್ತಿರುತ್ತಾರೆ. ಸಮಸ್ಯೆಗಳು ನಮ್ಮಲ್ಲಿ ಧಾರಾಳವಾಗಿವೆ. ಬಿಡಿ ಘಟಕಗಳು ಬೇರೆ ಬೇರೆಯಾಗಿ ಹೋಗುವ ಬದಲು ಐದಾರು ರೀಲರುಗಳು, ನೇಕಾರರು, ಆಲೆಮನೆಯವರು ಒಟ್ಟಾಗಿ ಒಂದು ಸಮಸ್ಯೆಯನ್ನು ಆರಿಸಿಕೊಂಡು ಸಂಘದ ಮೂಲಕ ಕಾಲೇಜಿನ ಮುಂದಿಡುವುದು ಸೂಕ್ತ. ಮೊದಲ ಪ್ರಯೋಗ ಒಂದು ವರ್ಷವನ್ನೂ ಒಂದು ಮೇಜನ್ನೂ ಮೀರದಿರಲಿ.

ಸಂಶೋಧನೆ ಹಳ್ಳಿಗೆ ತಲುಪಿದ ನಿದರ್ಶನ ನಮಗೆ ಹೊಸದೇನಲ್ಲ. 1961ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಜಪಾನಿನ ಜೈಕಾ ಸಂಸ್ಥೆಯ ಸಹಕಾರದೊಡನೆ 1991ರಿಂದ ನಡೆಸಿದ ದ್ವಿತಳಿ ಯೋಜನೆಯಿಂದ ಸಿ.ಎಸ್.ಆರ್. ತಳಿಗಳು ಹೊರಬಂದವು. ಅದೇ ಸಂಸ್ಥೆ ಕೊಟ್ಟ ವಿ-1 ಹಿಪ್ಪುನೇರಳೆ ಇಂದು ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿದೆ. ಅವು ಬೇರೂರಿದ್ದು ಪ್ರಯೋಗಾಲಯದ ಗೋಡೆಗಳೊಳಗಲ್ಲ. ರೈತನ ಹೊಲದಲ್ಲಿ, ರೈತನ ಹುಳುಮನೆಯಲ್ಲಿ ಪರೀಕ್ಷೆಗೊಂಡು, ತಿದ್ದುಪಡಿಗೊಂಡು ಅವು ನಿಂತವು. ಕೃತಕ ಬುದ್ಧಿಮತ್ತೆಗೂ ಬೇರೆ ದಾರಿಯಿಲ್ಲ. ಅದು ನಮ್ಮ ಅಂಗಡಿಗೂ ಕಾರ್ಖಾನೆಗೂ ಬಂದು ಪರೀಕ್ಷೆ ಎದುರಿಸಬೇಕು. ನಾವು ಬಾಗಿಲು ತೆರೆದು, ಲೆಕ್ಕದ ಪುಸ್ತಕ ಬಿಚ್ಚಿ, ಷರತ್ತಿನ ಕಾಗದವನ್ನು ಮುಂದಿಟ್ಟುಕೊಂಡು ಅದನ್ನು ಬರಮಾಡಿಕೊಳ್ಳಬೇಕು.

ಸದಸ್ಯ ಬಾಂಧವರು ತಮ್ಮ ಉದ್ದಿಮೆಯಲ್ಲಿ ಕಣ್ಣಳತೆಯಿಂದ ನಿರ್ಧಾರವಾಗುವ, ಪದೇ ಪದೇ ನಷ್ಟ ತರುವ ಒಂದೇ ಒಂದು ಕೆಲಸವನ್ನು ಗುರುತಿಸಿ, ಅದರ ದಾಖಲೆಯನ್ನು ಈ ತಿಂಗಳಿನಿಂದಲೇ ಇಡತೊಡಗುವುದು ಮೊದಲ ಹೆಜ್ಜೆ. ದಾಖಲೆಯಿಲ್ಲದವನಿಗೆ ಸಹಭಾಗಿತ್ವದಲ್ಲಿ ಭಾಗವಿಲ್ಲ.